ಹಲ್ಲಕ್ಕನ ಬ್ರಷ್

ಹಲ್ಲಕ್ಕ ಮಂಗಳವಾರ ತೀರಿಕೊಂಡಳು. ಶಾಲೆಯಲ್ಲಿ ಮಕ್ಕಳ ಹಲ್ಲು ನೋಡಿಕೊಳ್ಳುತ್ತಿದ್ದ ನನ್ನ ಗೆಳತಿಗೆ ಆ ಮಕ್ಕಳೇ ಇಟ್ಟ ಹೆಸರದು. ಒಂಟಿ ಜೀವ. ತನ್ನ ಬ್ರಷ್ಷನ್ನೂ ಶಾಲೆಯಲ್ಲೇ, ಮಕ್ಕಳ ಬ್ರಷ್ಷುಗಳ ಸಾಲಿನಲ್ಲಿ ಇಡುತ್ತಿದ್ದಳು. "ಮನೇಲಿ ಲೋಟದಲ್ಲಿ ಒಂದೇ ನಿಂತಿರತ್ತೆ ಕಣೆ, ನೋಡೋಕಾಗಲ್ಲ" ಎಂದಿದ್ದಳು.

ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಹುಳುಕು ಹಲ್ಲಿಗೆ ನಾಚಿ ಯಾರೆದುರೂ ಬಾಯಿ ತೆರೆಯುತ್ತಿರಲಿಲ್ಲ. ಇನ್ನೂ ತಡವಾದರೆ ಹಲ್ಲು ಕೀಳಲೇಬೇಕಿತ್ತು. ಸೋಮವಾರ ಹಲ್ಲಕ್ಕ ಅವಳ ಮುಂದೆ ಕೂತು ತಾನೇ ಬಾಯಿ ಅಗಲಿಸಿದಳು.

"ಮೊದಲು ನನ್ನದು ನೋಡಿ, ಡಾಕ್ಟ್ರಮ್ಮ."

"ಅಯ್ಯೋ ಅಕ್ಕ, ನಿಮಗೇ ಎರಡು ಹಲ್ಲಿಲ್ಲ!"

"ಅದಕ್ಕೇ ನಿನ್ನ ಹಲ್ಲಿನ ಮೇಲೆ ನನ್ನ ಕಣ್ಣು, ಪುಟ್ಟಿ."

ಹುಡುಗಿ ಬಾಯ್ತುಂಬ ನಕ್ಕಳು, ಆಮೇಲೆ ಹಲ್ಲು ತೋರಿಸಿದಳು. ಹಲ್ಲಕ್ಕ ಹೊಸ ಬ್ರಷ್ಷೊಂದರ ಮೇಲೆ ಅವಳ ಹೆಸರು ಬರೆದು, ತನ್ನದರ ಪಕ್ಕದಲ್ಲಿ ನಿಲ್ಲಿಸಿ ಮನೆಗೆ ಹೋದಳು.