ಆಲ್ಬರ್ಟಾ ಪ್ಲೇಟಿನ ಕಾರು ಮತ್ತು ಒಂದು ಕನ್ನಡ ಕ್ಯಾಸೆಟ್ಟು

೨೦೦೧ರ ಆರಂಭದಲ್ಲಿ ನಾನು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಒಂದು ಸಣ್ಣ ಕಚೇರಿಯಲ್ಲಿ ಕ್ಲೇಮ್ಸ್ ಅಡ್ಜಸ್ಟರ್ ಆಗಿದ್ದೆ. ಅಪಘಾತವಾದಾಗ ಇನ್ಶೂರೆನ್ಸ್ ಕಂಪನಿಯ ಪರವಾಗಿ ಹೋಗಿ, ಗಾಡಿ ನೋಡಿ, ಫೋಟೊ ತೆಗೆದು, ಜನರ ಹೇಳಿಕೆಯನ್ನು ಟೇಪಿನಲ್ಲಿ ಹಿಡಿದು ವರದಿ ಬರೆಯುವವರಿಗೆ ಆ ಹೆಸರು. ನಮ್ಮ ಕಚೇರಿಗೆ ಸ್ವಂತ ಇನ್ಶೂರೆನ್ಸ್ ವ್ಯವಹಾರವಿರಲಿಲ್ಲ. ದೂರದ ಕಂಪನಿಗಳು, ಕೆನಡಾದವೂ ಸೇರಿ, ತಮ್ಮ ಗ್ರಾಹಕರು ನಮ್ಮ ಊರಿನ ಸುತ್ತಲ ಬೇ ಏರಿಯಾದಲ್ಲಿ ಎಲ್ಲಾದರೂ ಗುದ್ದಿಕೊಂಡರೆ ನಮಗೆ ಫೈಲು ಕಳುಹಿಸುತ್ತಿದ್ದವು.

ನಾನು ಕೆಲಸಕ್ಕೆ ಸೇರಿ ಎರಡೇ ವರ್ಷವಾಗಿತ್ತು. ಡಾಟ್‌ಕಾಂ ಕಂಪನಿಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ. ನನ್ನ ಯಜಮಾನರ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಬೆರ್ರಿಯೆಸಾದ ನಮ್ಮ ಅಪಾರ್ಟ್‌ಮೆಂಟಿನ ಬಾಡಿಗೆ ನನ್ನ ಸಂಬಳದ ಮೇಲೆ ನಿಂತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ದಿನಗಳಲ್ಲಿ ನಾನು ಸತ್ಯಸಂಧಳಾಗಿದ್ದೆನೋ, ಬರೀ ಪುಕ್ಕಲಿಯಾಗಿದ್ದೆನೋ ಎಂಬುದು ಇವತ್ತಿಗೂ ನನಗೆ ಖಚಿತವಿಲ್ಲ.

ಮಾರ್ಚ್ ತಿಂಗಳಲ್ಲಿ ಕೆನಡಾದ ಕ್ಯಾಲ್ಗರಿಯ ಒಂದು ಕಂಪನಿಯಿಂದ ಫೈಲು ಬಂತು. ಸ್ಯಾನ್ ಹೋಸೆಗೆ ತಗುಲಿದ ಕ್ಯಾಂಪ್‌ಬೆಲ್ ಊರಿನ ಪೇಟೆಬೀದಿಯ ಹತ್ತಿರ ಶಾಹೀನ್ ಎಂಬ ಹೆಂಗಸು ಕಾರನ್ನು ಬಲಕ್ಕೆ ತಿರುಗಿಸುವಾಗ, ರಸ್ತೆ ದಾಟುತ್ತಿದ್ದ ಎಪ್ಪತ್ತೆರಡು ವರ್ಷದ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರಿಗೆ ಡಿಕ್ಕಿ ಹೊಡೆದಿದ್ದರು. ಅವರ ಸೊಂಟದ ಮೂಳೆ ಮುರಿದಿತ್ತು. ಕಾರಿಗೆ ಕ್ಯಾಲ್ಗರಿ ಇರುವ ಆಲ್ಬರ್ಟಾ ಪ್ರಾಂತ್ಯದ ನಂಬರ್ ಪ್ಲೇಟು, ಪಾಲಿಸಿಯಲ್ಲಿ ಕ್ಯಾಲ್ಗರಿಯ ವಿಳಾಸ. ಚಾಲಕಿಗೆ ಇಂಗ್ಲಿಷ್ ಅಷ್ಟಾಗಿ ಬಾರದು, ಕನ್ನಡ ಮಾತಾಡುತ್ತಾರೆ ಎಂದು ಬರೆದಿತ್ತು. ಮ್ಯಾನೇಜರ್ ಡಯಾನ್ ಫೈಲನ್ನು ನನ್ನ ಮೇಜಿನ ಮೇಲಿಟ್ಟು, "ನಿಮ್ಮ ಭಾಷೆಯವರು. ಹೇಳಿಕೆ ಕನ್ನಡದಲ್ಲೇ ತಗೋ, ಇಂಗ್ಲಿಷಿಗೆ ನೀನೇ ಅನುವಾದ ಮಾಡಿ ಕಳಿಸು" ಎಂದಳು. ನನಗೆ ಖುಷಿಯೇ ಆಯಿತು. ಕೆಲಸದಲ್ಲಿ ಕನ್ನಡ ಮಾತಾಡುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ?

ಶನಿವಾರ ಮಧ್ಯಾಹ್ನ ಅವರ ಅಪಾರ್ಟ್‌ಮೆಂಟಿಗೆ ಹೋದೆ. ಪದ್ಧತಿಯಂತೆ ಮೊದಲು ಕೆಳಗೆ ನಿಂತಿದ್ದ ಕಾರಿನ ಫೋಟೊ ತೆಗೆದೆ. ಬೂದು ಬಣ್ಣದ ಕಾರು, ಒಡೆದ ಹೆಡ್‌ಲೈಟು, ಹಿಂದೆ ಕೆಂಪು ಅಕ್ಷರದ ಬಿಳಿ ಪ್ಲೇಟು. ಮುಂದಿನ ಗಾಜಿನ ಮೂಲೆಯಲ್ಲಿ ಅದೇ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಸ್ಟಿಕ್ಕರು. ಅದರ ಪಕ್ಕದಲ್ಲಿ ಆಯಿಲ್ ಬದಲಿಸಿದ ಚೀಟಿ, ಅದೂ ಕ್ಯಾಂಪ್‌ಬೆಲ್‌ನ ಗ್ಯಾರೇಜಿನದೇ. ಮೂರನೆಯ ಫೋಟೊ ಹೊತ್ತಿಗೆ ನನ್ನ ಖುಷಿ ಇಳಿದಿತ್ತು.

ಇಲ್ಲಿ ಸ್ವಲ್ಪ ಕಾನೂನು ಹೇಳಬೇಕು. ಪಾಲಿಸಿ ಕೊಡುವಾಗ ಕಂಪನಿ ಕೇಳುವ ಮುಖ್ಯ ಪ್ರಶ್ನೆ, ಕಾರು ರಾತ್ರಿ ಎಲ್ಲಿ ನಿಲ್ಲುತ್ತದೆ ಎಂಬುದು. ಅದಕ್ಕೆ ಗ್ಯಾರೇಜಿಂಗ್ ವಿಳಾಸ ಎನ್ನುತ್ತೇವೆ. ಅದು ಸುಳ್ಳಾದರೆ ಕಂಪನಿ ಪಾಲಿಸಿಯ ಹೊಣೆಯಿಂದ ಜಾರಿಕೊಳ್ಳಲು ದಾರಿ ಹುಡುಕುತ್ತದೆ. ಕೆನಡಾದಿಂದ ಪ್ರವಾಸಕ್ಕೆ ಬಂದವರು ತಮ್ಮ ಪ್ಲೇಟಿನಲ್ಲೇ ಓಡಾಡಬಹುದು. ಆದರೆ ಇಲ್ಲಿ ಕೆಲಸಕ್ಕೆ ಸೇರಿ ನೆಲೆಸಿದರೆ ಇಪ್ಪತ್ತು ದಿನದೊಳಗೆ ಕ್ಯಾಲಿಫೋರ್ನಿಯಾದಲ್ಲಿ ನೋಂದಾಯಿಸಬೇಕು. ನಮ್ಮ ಜನ ಇಂಥದನ್ನೆಲ್ಲ ಆಮೇಲೆ ನೋಡಿದರಾಯಿತು ಎಂದು ಬಿಡುವುದು ನನಗೆ ಗೊತ್ತಿತ್ತು. ಇವರದು ಅಂಥ ಸೋಮಾರಿತನವಾಗಿರಲಿಲ್ಲ.

ಬಾಗಿಲು ತೆಗೆದವರು ಶಾಹೀನರ ಗಂಡ ಇಮ್ತಿಯಾಜ್, ಗದಗಿನ ಕಡೆಯವರು, ನೆಟ್‌ವರ್ಕಿಂಗ್ ಕಂಪನಿಯೊಂದರಲ್ಲಿ ಎಂಜಿನಿಯರು. "ಬರ್ರಿ ಅಕ್ಕಾರ, ಒಳಗ ಬರ್ರಿ" ಎಂದು ಕರೆದರು. ಸೋಫಾದ ಮೇಲೆ ಕೂತೆ. ಚಹಾ ಬಂತು, ಅವಲಕ್ಕಿ ಬಂತು. ನಾನು ಮೈಸೂರಿನವಳೆಂದಾಗ ಅಲ್ಲಿ ಯಾವ ಬಡಾವಣೆ, ಎಷ್ಟು ಮಕ್ಕಳು ಎಂದೆಲ್ಲ ಆಯಿತು. ಶಾಹೀನ್ ಮಾತ್ರ ದೂರ ಕಿಟಕಿಯ ಪಕ್ಕ ಕೂತಿದ್ದರು. ನಾನು ಚೀಲದಿಂದ ಟೇಪ್ ರೆಕಾರ್ಡರ್ ತೆಗೆಯುವಷ್ಟರಲ್ಲಿ ಇಮ್ತಿಯಾಜ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಎಲ್ಲವನ್ನೂ ಹೇಳಿಬಿಟ್ಟರು.

ಅವರು ಕೆನಡಾಕ್ಕೆ ಖಾಯಂ ವಲಸಿಗರಾಗಿ ಹೋಗಿದ್ದವರು. ಅಲ್ಲಿ ವಿದ್ಯೆಗೆ ತಕ್ಕ ಕೆಲಸ ಸಿಗದೆ ಅಮೆರಿಕದ ಎಚ್-೧ ಉದ್ಯೋಗ ವೀಸಾದಲ್ಲಿ ಇಲ್ಲಿಗೆ ಬಂದಿದ್ದರು. ಆಗಿನ ನಿಯಮದಂತೆ ವರ್ಷದಲ್ಲಿ ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಕೆನಡಾವನ್ನು ಬಿಟ್ಟಂತೆಯೇ ಎಂದು ಅಲ್ಲಿಯ ಸರಕಾರ ಎಣಿಸಬಹುದಿತ್ತು. ಬಿಟ್ಟಿಲ್ಲ ಎಂದು ತೋರಿಸುವ ಹೊಣೆ ಇವರದು. ಹಾಗಾಗಿ ಕ್ಯಾಲ್ಗರಿಯ ಗೆಳೆಯನ ಮನೆಯ ವಿಳಾಸ, ಅಲ್ಲಿಯ ಬ್ಯಾಂಕ್ ಖಾತೆ, ಕಾರಿನ ಪ್ಲೇಟು, ಪಾಲಿಸಿ ಎಲ್ಲವನ್ನೂ ಕೆನಡಾದ್ದಾಗಿಯೇ ಉಳಿಸಿಕೊಂಡಿದ್ದರು. ಅವರಿಗೆ ಆ ಪ್ಲೇಟೇ ವಾಪಸು ಹೋಗುವ ಬಾಗಿಲಿನ ಕೀಲಿಕೈ.

"ನಾವು ಇಲ್ಲಿ ಬಂದು ಹದಿನಾಲ್ಕು ತಿಂಗಳಾತ್ರೀ" ಎಂದರು. "ಪ್ಲೇಟ್ ಬದಲಿ ಮಾಡಿದ್ರ ಕೆನಡಾ ಬಿಟ್ಟಂಗ ಆಗ್ತದ ಅಂತ ಎಲ್ಲಾರೂ ಅಂದ್ರು. ಆಫೀಸಿನ್ಯಾಗ ಅರ್ಧ ಮಂದೀನ್ನ ಮನೀಗೆ ಕಳಿಸ್ಯಾರ. ನಾಳೆ ನನ್ನ ಪಾಳಿ. ಕೆಲಸ ಹೋದ್ರ ಇಲ್ಲಿ ವೀಸಾನೂ ಇಲ್ಲ, ಅಲ್ಲಿ ಜಾಗಾನೂ ಇಲ್ಲ. ನೀವ ಹೇಳ್ರಿ ಅಕ್ಕಾರ, ಟೇಪ್ ಹಚ್ಚಿದ ಮ್ಯಾಲ ನಾವು ಏನಂತ ಹೇಳ್ಬೇಕು?"

ನಾನು ಅವಲಕ್ಕಿಯ ತಟ್ಟೆಯನ್ನು ಕೆಳಗಿಟ್ಟೆ. ಯಾರ ತನಿಖೆಗೆ ಬಂದಿದ್ದೆನೋ ಅವರೇ ನನ್ನನ್ನು ತಮ್ಮ ವಕೀಲೆ ಎಂದುಕೊಂಡು ಸಲಹೆ ಕೇಳುತ್ತಿದ್ದರು. ಕನ್ನಡದವಳು, ಮನೆಗೆ ಬಂದವಳು, ಚಹಾ ಕುಡಿದವಳು. ಅಂದ ಮೇಲೆ ನಮ್ಮವಳು ಎಂಬುದು ಅವರ ಲೆಕ್ಕ. "ನಡೆದದ್ದನ್ನೇ ಹೇಳಿ" ಎಂದಷ್ಟೇ ಹೇಳಿ ಟೇಪ್ ಒತ್ತಿದೆ.

ಅಪಘಾತದ ಬಗ್ಗೆ ಶಾಹೀನ್ ಸಣ್ಣ ದನಿಯಲ್ಲಿ, ಏನನ್ನೂ ಬಿಡದೆ, ಸರಿಯಾಗಿ ಹೇಳಿದರು. ಆಮೇಲೆ ಗ್ಯಾರೇಜಿಂಗ್ ಪ್ರಶ್ನೆ ಬಂತು. ಅವರು ಬಾಯಿ ತೆರೆಯುವ ಮೊದಲೇ ಇಮ್ತಿಯಾಜ್ ಉತ್ತರಿಸಿದರು: "ಕಾರು ಕ್ಯಾಲ್ಗರಿಯೊಳಗ ಇರ್ತದ. ನಾವು ಇಲ್ಲಿ ವಿಸಿಟ್ ಬಂದೀವಿ." ಕೆಳಗೆ ನಾನು ತೆಗೆದ ಸ್ಟಿಕ್ಕರಿನ ಫೋಟೊ ನನ್ನ ಕ್ಯಾಮೆರಾದಲ್ಲೇ ಇತ್ತು. ಟೇಪ್ ಒತ್ತುವ ಮೊದಲು ಕೇಳಿದ ಸತ್ಯ ನನ್ನ ಕಿವಿಯಲ್ಲಿತ್ತು. ಮುಂದಿನ ನಾಲ್ಕು ಪ್ರಶ್ನೆಗಳನ್ನು ಹೇಗೆ ಕೇಳಿದೆನೋ ತಿಳಿಯದು.

ಕ್ಯಾಸೆಟ್ಟಿನ ಮೊದಲ ಬದಿ ಮುಗಿಯಿತು. ತಿರುಗಿಸಿ ಹಾಕಲು ತೆಗೆದಾಗ ಇಮ್ತಿಯಾಜ್ ಮುಂದಕ್ಕೆ ಬಾಗಿದರು.

"ಅಕ್ಕಾರ, ಇದನ್ನ ಇಂಗ್ಲಿಷ್ ಮಾಡಾವ್ರು ನೀವ ಅಲ್ರೀ? ಅಲ್ಲಿ ಕನ್ನಡ ಯಾರಿಗೆ ತಿಳೀತದ?"

ಅವರು ಬೆದರಿಸಲಿಲ್ಲ, ಆಮಿಷ ಒಡ್ಡಲಿಲ್ಲ. ಕೈಜೋಡಿಸಿ ಕೇಳಿದರು. ಅವರು ಹೇಳಿದ್ದು ನಿಜವೇ ಆಗಿತ್ತು. ಕ್ಯಾಲ್ಗರಿಯಲ್ಲಾಗಲಿ, ನಮ್ಮ ಕಚೇರಿಯಲ್ಲಾಗಲಿ ಆ ಟೇಪನ್ನು ಕೇಳಿ ಅರ್ಥಮಾಡಿಕೊಳ್ಳುವವರು ಒಬ್ಬರೂ ಇರಲಿಲ್ಲ. ಬೇಕಿದ್ದರೆ ಗ್ಯಾರೇಜಿಂಗ್ ಪ್ರಶ್ನೆಯನ್ನೇ ಅನುವಾದದಿಂದ ಕೈಬಿಡಬಹುದಿತ್ತು, ಟೇಪಿಗೆ ಮೊದಲು ಕೇಳಿದ್ದನ್ನು ನುಂಗಿಬಿಡಬಹುದಿತ್ತು, ಸ್ಟಿಕ್ಕರಿನ ಮತ್ತು ಚೀಟಿಯ ಫೋಟೊಗಳನ್ನು ಬಚ್ಚಿಡಬಹುದಿತ್ತು. ಆ ಯೋಚನೆ ಬಂತು, ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಿಕ್ಕಿಬಿದ್ದರೆ ನನ್ನ ಕೆಲಸ ಹೋಗುತ್ತದೆ, ನಮ್ಮ ಮನೆಯೂ ಹೋಗುತ್ತದೆ ಎಂಬ ಯೋಚನೆ ಅದರ ಹಿಂದೆಯೇ ಬಂತು.

"ನನಗೆ ತಿಳಿಯುತ್ತಲ್ಲ" ಎಂದೆ. ಒರಟಾಗಿಯೇ ಬಂತು ಮಾತು. ಎರಡನೆಯ ಬದಿಯನ್ನು ಹಾಕಿ ಒತ್ತಿದೆ.

ಎಲ್ಲ ಹೇಳಿಕೆಯ ಕೊನೆಗೂ ಒಂದು ಸಿದ್ಧ ಪ್ರಶ್ನೆ ಇರುತ್ತದೆ: ನೀವು ಹೇಳಿದ್ದರಲ್ಲಿ ಏನನ್ನಾದರೂ ತಿದ್ದುವುದಿದೆಯೇ, ಸೇರಿಸುವುದಿದೆಯೇ? ಸಾಮಾನ್ಯವಾಗಿ ಅದನ್ನು ನಾವು ಒಂದೇ ಉಸಿರಿಗೆ ಓದಿ ಮುಗಿಸುತ್ತೇವೆ, ಜನ ಇಲ್ಲ ಎನ್ನುತ್ತಾರೆ. ಅಂದು ನಿಧಾನವಾಗಿ ಕೇಳಿದೆ. ಮತ್ತೆ ಇನ್ನೊಮ್ಮೆ ಕೇಳಿದೆ. ಇಮ್ತಿಯಾಜ್ ನೆಲ ನೋಡುತ್ತ ಕೂತರು. ರೆಕಾರ್ಡರಿನ ಗಾಲಿ ತಿರುಗುತ್ತಲೇ ಇತ್ತು. ಇವರು ಇಲ್ಲ ಅಂದುಬಿಟ್ಟರೆ ಇದು ವಂಚನೆಯ ಫೈಲಾಗುತ್ತದೆ, ಕೈಯಾರೆ ಕಳುಹಿಸುವವಳು ನಾನೇ, ಎಂದುಕೊಂಡೆ.

ಕಿಟಕಿಯ ಕಡೆಯಿಂದ ಶಾಹೀನ್ ಮಾತಾಡಿದರು. "ಕಾರು ಇಲ್ಲೇ ಇರ್ತದ್ರಿ. ಹದಿನಾಲ್ಕು ತಿಂಗಳಾತು. ಇವ್ರು ಅಂಜಿ ಹಂಗಂದ್ರು." ಮತ್ತೆ ಅವರೇ, "ಆ ಅಜ್ಜಾರು ನೆಲಕ್ಕ ಬಿದ್ದು ನನ್ನ ಕೈ ಹಿಡಕೊಂಡಿದ್ರು. ಅವರ ವಿಷಯದಾಗ ನಾ ಸುಳ್ಳು ಹೇಳಾಂಗಿಲ್ಲ" ಎಂದರು.

ಇಮ್ತಿಯಾಜ್ ಎದ್ದು ಒಳಗೆ ಹೋದರು. ಎರಡು ನಿಮಿಷ ಬಿಟ್ಟು ಮುಖ ತೊಳೆದುಕೊಂಡು ಬಂದು, ತಮ್ಮ ಹೆಸರು ಹೇಳಿ, ಮೊದಲು ಹೇಳಿದ್ದು ತಪ್ಪು ಎಂದು ಟೇಪಿಗೆ ತಾವೇ ಹೇಳಿದರು. ನಾನು ಹೊರಡುವಾಗ ಅವರು ಬಾಗಿಲವರೆಗೆ ಬರಲಿಲ್ಲ.

ಸೋಮವಾರ ಎಲ್ಲವನ್ನೂ ಬರೆದು ಡಯಾನ್ ಮುಂದಿಟ್ಟೆ. ಟೇಪಿಗೆ ಮೊದಲು ನಡೆದ ಮಾತು, ಕ್ಯಾಸೆಟ್ಟು ತಿರುಗಿಸುವಾಗಿನ ಮಾತು, ಮೊದಲ ಉತ್ತರ, ತಿದ್ದಿದ ಉತ್ತರ, ಯಾವುದನ್ನೂ ಬಿಡಲಿಲ್ಲ. ಅವಳು ಎರಡು ಸಲ ಓದಿದಳು. ನನ್ನನ್ನು ಹೊಗಳುತ್ತಾಳೆ ಎಂದುಕೊಂಡಿದ್ದೆ.

"ಅವನು ಅಷ್ಟೆಲ್ಲ ಹೇಳುವ ಮೊದಲು, ನೀನು ಯಾರ ಕಡೆಯವಳು ಅಂತ ಹೇಳಿದ್ದೆಯಾ?" ಎಂದು ಕೇಳಿದಳು.

ಹೇಳಿರಲಿಲ್ಲ. ಕಾರ್ಡು ಕೊಟ್ಟಿದ್ದೆ, ಅಷ್ಟೇ. ಅವರು ಅಕ್ಕಾ ಎಂದರು, ನಾನು ಅಕ್ಕನಾಗಿ ಕೂತು ಕೇಳಿಸಿಕೊಂಡೆ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಅವರು ಮಾಡಿದ್ದಕ್ಕೆ ಕಾನೂನಿನಲ್ಲಿ ಹೆಸರಿತ್ತು, ನಾನು ಮಾಡಿದ್ದಕ್ಕೆ ಹೆಸರಿರಲಿಲ್ಲ.

ಮುಂದಿನ ಮೂರು ವಾರ ಫ್ಯಾಕ್ಸ್ ಯಂತ್ರ ಗುರ್ ಎಂದಾಗಲೆಲ್ಲ ಬೆಚ್ಚುತ್ತಿದ್ದೆ. ಕೊನೆಗೆ ಕ್ಯಾಲ್ಗರಿಯ ನಿರ್ಧಾರ ಬಂತು. ಪೋಸ್ಟ್‌ಮ್ಯಾನರ ಚಿಕಿತ್ಸೆ ಮತ್ತು ಪರಿಹಾರವನ್ನು ಕಂಪನಿ ಕೊಡುತ್ತದೆ. ಪಾಲಿಸಿ ಪಡೆದವರ ಸುಳ್ಳಿಗಾಗಿ ಗಾಯಗೊಂಡವರನ್ನು ಬರಿಗೈಯಲ್ಲಿ ಕಳುಹಿಸಲು ಅಲ್ಲಿಯ ಕಾನೂನು ಬಿಡುವುದಿಲ್ಲ. ಕಾರಿನ ರಿಪೇರಿ ಕೊಡುವುದಿಲ್ಲ. ಪಾಲಿಸಿ ಮೂವತ್ತು ದಿನದಲ್ಲಿ ರದ್ದು. ಹೇಳಿಕೆಯನ್ನು ತಾವಾಗಿಯೇ ತಿದ್ದಿದ್ದರಿಂದ ವಂಚನೆಯ ವಿಭಾಗಕ್ಕೆ ಕಳುಹಿಸುವುದಿಲ್ಲ ಎಂದು ಕೊನೆಯ ಸಾಲಿನಲ್ಲಿತ್ತು. ಆ ಸಾಲನ್ನು ಓದಿ ನಾನು ರೆಸ್ಟ್‌ರೂಮಿಗೆ ಹೋಗಿ ಅತ್ತೆ.

ಆ ಮೂವತ್ತು ದಿನದೊಳಗೇ ಇಮ್ತಿಯಾಜ್ ಅವರ ಕೆಲಸ ಹೋಯಿತು. ಹೆಡ್‌ಲೈಟು ಹಾಕಿಸಿಕೊಂಡು, ಸಾಮಾನು ತುಂಬಿಕೊಂಡು, ಅದೇ ಕಾರಿನಲ್ಲಿ ಗಂಡ ಹೆಂಡತಿ ಉತ್ತರಕ್ಕೆ ಹೊರಟರು. ಇದು ನನಗೆ ಗೊತ್ತಾಗಿದ್ದು ಮೇ ತಿಂಗಳಲ್ಲಿ, ಶಾಹೀನ್ ಕಚೇರಿಗೆ ಫೋನ್ ಮಾಡಿದಾಗ. ಗಡಿಯಲ್ಲಿ ಕೆನಡಾದ ಅಧಿಕಾರಿ ಪ್ಲೇಟು ನೋಡಿ, ಊರಿಗೆ ಹೊರಟಿರಾ ಎಂದು ಕೇಳಿ ಕೈಬೀಸಿ ಬಿಡುವವನಿದ್ದನಂತೆ. ಅಷ್ಟರಲ್ಲಿ ಇಮ್ತಿಯಾಜ್ ತಾವೇ, ಹದಿನೈದು ತಿಂಗಳು ಹೊರಗಿದ್ದೆವು ಎಂದುಬಿಟ್ಟರಂತೆ. ಒಳಗೆ ಕರೆದು ನಾಲ್ಕು ತಾಸು ಕೂರಿಸಿದರು.

"ನನ್ನ ಜೀವಾನ ಹೋಗಿತ್ರಿ" ಎಂದರು ಶಾಹೀನ್. "ಕಡೀಕ ಬಿಟ್ರು. ಇನ್ನೊಮ್ಮೆ ಹಿಂಗ ಮಾಡಬ್ಯಾಡ್ರಿ ಅಂದ್ರು. ಇವ್ರು ಇನ್ನೂ ನಿಮ್ಮ ಮ್ಯಾಲ ಸಿಟ್ಟಾಗ್ಯಾರ. ಆದ್ರ ನಿಮ್ಮ ನಂಬರ್ ಹುಡುಕಿ ಕೊಟ್ಟಾವ್ರು ಇವ್ರ."

ಅದಾದ ಮೇಲೆ ಇಪ್ಪತ್ತೆರಡು ವರ್ಷ ಅದೇ ಕೆಲಸ ಮಾಡಿದೆ. ಯಾರ ಮನೆಗೆ ಹೋದರೂ ಹೊಸ್ತಿಲಾಚೆಯೇ ನಿಂತು, "ನಾನು ಇನ್ಶೂರೆನ್ಸ್ ಕಂಪನಿ ಕಡೆಯವಳು, ನಿಮ್ಮ ಕಡೆಯವಳಲ್ಲ. ನೀವು ಹೇಳಿದ್ದನ್ನೆಲ್ಲ ಬರೆಯುತ್ತೇನೆ" ಎಂದು ಹೇಳುತ್ತಿದ್ದೆ. ಕನ್ನಡದವರ ಮನೆಯಾದರೆ ಕನ್ನಡದಲ್ಲೇ, ಎರಡು ಸಲ. ಕೆಲವರ ಮುಖ ಅಲ್ಲೇ ಬಾಡುತ್ತಿತ್ತು. ಒಳಗೆ ಕರೆಯದೆ ಬಾಗಿಲಲ್ಲೇ ನಿಲ್ಲಿಸಿ ಉತ್ತರ ಕೊಟ್ಟವರೂ ಇದ್ದರು. ನನಗೆ ಬೇಸರವಾಗುತ್ತಿರಲಿಲ್ಲ. ಹೆದರಿ ಕೂತ ಮನುಷ್ಯನಿಗೆ ಎದುರಿಗೆ ಕೂತವರು ಯಾರೆಂದು ಮೊದಲು ಗೊತ್ತಿರಬೇಕು.