ಜೇನುಪೆಟ್ಟಿಗೆಯ ಮುಂದೆ ಬಿಟ್ಟ ಉಸಿರು

ಪುತ್ತೂರಿನ ಅಂಗಡಿಯಲ್ಲಿ ಕಳಿತ ಬಾಳೆಹಣ್ಣಿನ ವಾಸನೆ ಬಡಿದರೆ ಸಾಕು, ನನ್ನ ಮೇಲ್ತುಟಿ ತಾನಾಗಿ ಒಳಗೆ ಸರಿಯುತ್ತದೆ. ನಗಬೇಡಿ. ಜೇನುನೊಣ ಚುಚ್ಚಿದಲ್ಲಿಂದ ಬರುವುದೂ ಹೆಚ್ಚುಕಡಿಮೆ ಇದೇ ವಾಸನೆ. ಒಮ್ಮೆಗೇ ಹನ್ನೊಂದು ಚುಚ್ಚಿಸಿಕೊಂಡು ಖಚಿತಪಡಿಸಿಕೊಂಡವನು ನಾನು.

ಕಳೆದ ವರ್ಷ ಶಾಂತನಾಗಲು ಹೊರಟಿದ್ದೆ. ಮೊಬೈಲಿನಲ್ಲಿ ಯಾರೋ ಹೇಳಿಕೊಟ್ಟಂತೆ ನಾಲ್ಕು ಎಣಿಸಿ ಉಸಿರೆಳೆದು, ಎಂಟು ಎಣಿಸಿ ಬಾಯಿಂದ ಬಿಡುವುದು. ಬಸ್ಸಿನಲ್ಲಿ ಬಿಟ್ಟೆ, ಊಟದ ಪಂಕ್ತಿಯಲ್ಲಿ ಬಿಟ್ಟೆ. ಎದುರಿನವರ ಹಪ್ಪಳ ಹಾರುವುದೊಂದು ಬಾಕಿ. ಇಷ್ಟು ಸಾಧಿಸಿಕೊಂಡು ಅಜ್ಜಾವರದ ದೇವಕಿ ಅತ್ತೆಯ ಮನೆಗೆ ಹೋದೆ.

ಅತ್ತೆಗೆ ಜೇನೆಂದರೆ ಜೀವ. ಆ ಮಳೆಗಾಲ ದಾಟಿ ಉಳಿದದ್ದು ಒಂದೇ ಪೆಟ್ಟಿಗೆ. ಇರುವೆ ಹತ್ತದಂತೆ ಅದರ ಕಾಲಿಗಿಟ್ಟ ತೆಂಗಿನ ಗೆರಟೆಗಳಿಗೆ ದಿನಾ ನೀರು ತುಂಬಿಸುವಾಗ ಅವರು ಯಾರೊಡನೆಯೂ ಮಾತಾಡುವುದಿಲ್ಲ. ಮುಚ್ಚಳ ತೆಗೆದರಂತೂ ಮುಖವನ್ನು ಭುಜದ ಕಡೆ ತಿರುಗಿಸಿಯೇ ಉಸಿರು ಬಿಡುವುದು. ನನ್ನ ಮೇಲೆ ಸಿಟ್ಟೇನೋ ಅಂದುಕೊಂಡಿದ್ದೆ.

ನೊಣ ಮುತ್ತಿದ ಮೇಣದ ಎರಿಯೊಂದನ್ನು ಚೌಕಟ್ಟಿನ ಸಮೇತ ನನ್ನ ಕೈಗಿತ್ತರು. "ಒಂಚೂರು ಹಿಡ್ಕೊ. ರಾಣಿ ಉಂಟು ಇದ್ರಲ್ಲಿ. ಬಿದ್ರೆ ಎಲ್ಲ ಮುಗೀತು."

ಇಂಥ ಹೊತ್ತಿನಲ್ಲೇ ಶಾಂತಿ ಬೇಕಲ್ಲ! ನಾಲ್ಕು ಎಣಿಸಿ ಎಳೆದೆ. ಎಂಟು ಎಣಿಸುತ್ತ ನೇರ ಎರಿಯ ಮೇಲೆಯೇ ಬಿಟ್ಟೆ. ಐದಕ್ಕೆ ಬರುವಷ್ಟರಲ್ಲಿ ತುಟಿಗೆ ಬೆಂಕಿ.

"ಊದುದಾ ಮಾರಾಯ! ನಮ್ಮ ಉಸಿರು ತಾಗಿದ್ರೆ ಅವಕ್ಕೆ ಆಗುದಿಲ್ಲ!"

"ಅತ್ತೆ, ಇದು ಶಾಂತಿಗೆ..."

"ನಿಂಗೆ ಶಾಂತಿ, ಅವಕ್ಕೆ ಎಂತದು? ಬಾಯಿ ಮುಚ್ಚು. ಎರಿ ಬಿಡ್ಬೇಡ."

ಬಿಡಲಿಲ್ಲ. ಜನ್ಮದಲ್ಲಿ ಮೊದಲ ಸಲ ನನ್ನ ಗಮನ ಒಂದೇ ಕಡೆ ನಿಂತಿತ್ತು. ಕೆನ್ನೆಯ ಮೇಲೆ ನೊಣ ಕೂತಿದ್ದರೂ ರೆಪ್ಪೆ ಅಲುಗಿಸದೆ ಅತ್ತೆ ಎರಿಯನ್ನು ತೆಗೆದುಕೊಂಡು ಪೆಟ್ಟಿಗೆಗೆ ಇಳಿಸಿದರು.

ಗೆದ್ದೆವು ಅಂದುಕೊಂಡೆ. ಮರುದಿನ ಬೆಳಿಗ್ಗೆ ಪೆಟ್ಟಿಗೆಗೆ ಕಿವಿಯಿಟ್ಟರೆ ಸದ್ದೇ ಇಲ್ಲ. ಮುಚ್ಚಳ ತೆಗೆದೆ. ರಾಣಿಯೂ ಇಲ್ಲ, ಒಂದು ನೊಣವೂ ಇಲ್ಲ. ಒಂದಿಡೀ ಊರನ್ನು ಊದಿ ಓಡಿಸಿದ್ದೆ! ಅತ್ತೆ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಸುಮ್ಮನೆ ಪೆಟ್ಟಿಗೆಯ ಒಳಗೆ ಮೇಣ ಉಜ್ಜಿ, ಗೆರಟೆಗಳಿಗೆ ನೀರು ತುಂಬಿಸಿದರು. ಖಾಲಿ ಪೆಟ್ಟಿಗೆಗೆ! ಆಮೇಲೂ ದಿನಾ ತುಂಬಿಸುತ್ತಿದ್ದರಂತೆ.

ಮೊಬೈಲಿನ ಗುರುಗಳನ್ನು ಬಿಟ್ಟೆ. ಈಗ ಸಿಟ್ಟು ಬಂದರೆ ಭುಜದ ಕಡೆ ತಿರುಗಿ ಒಂದು ಉಸಿರು ಬಿಟ್ಟು ಆಮೇಲೆ ಮಾತಾಡುತ್ತೇನೆ. ನನಗೆ ಕುತ್ತಿಗೆ ಉಳುಕಿದೆಯೆಂದು ಗೆಳೆಯರ ತೀರ್ಮಾನ.

ಇವತ್ತು ಬಾಳೆಗೊನೆಯ ಎದುರು ತುಟಿ ಸರಿಸಿಕೊಂಡು ನಿಂತಿದ್ದಾಗ ಅತ್ತೆಯ ಫೋನು ಬಂತು.

"ಮೇಣದ ವಾಸನೆಗೆ ಪೆಟ್ಟಿಗೆಗೆ ಹೊಸ ಜೇನು ಬಂದು ಕೂತಿದೆ ಮಾರಾಯ."

ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದೆ.

"ಕೇಳ್ತದಾ? ಆದಿತ್ಯವಾರ ಬಾ. ಎರಿ ಹಿಡ್ಕೊಳ್ಳಿಕ್ಕೆ ಜನ ಬೇಕು."

"ನಾನಾ ಅತ್ತೆ?!"

"ಮತ್ಯಾರು? ಅಷ್ಟು ಚುಚ್ಚಿದ್ರೂ ಬಿಡ್ಲಿಲ್ಲ ಅಲ್ಲ ನೀನು."

ಫೋನೇ ಆದರೂ, ಮುಖವನ್ನು ಭುಜದ ಕಡೆ ತಿರುಗಿಸಿ ಉಸಿರು ಬಿಟ್ಟೆ. ಆಮೇಲೆ, ಬರುತ್ತೇನೆ ಎಂದೆ.