ವಿಮಾನ ನಿಂತಾಗ ಬಂದ ಭಾವ

ಮೊನ್ನೆ ಕಾರವಾರದ ಬಸ್ಸು ಹತ್ತುವಾಗ ಕಂಡಕ್ಟರು ನನ್ನ ಅಂಗೈಗೆ ಒಂದಿಷ್ಟು ಸ್ಯಾನಿಟೈಸರ್ ಸುರಿದ. ಉಳಿದವರೆಲ್ಲ ಕೈ ಉಜ್ಜಿಕೊಂಡು ಒಳಗೆ ಹೋದರು. ನಾನು ಮಾತ್ರ ಅದನ್ನು ಮೂಗಿನ ಹತ್ತಿರ ಹಿಡಿದು, ಇದು ನಿಜವಾದ ಔಷಧವೋ ಅಥವಾ ನೀರಿಗೆ ವಾಸನೆ ಬೆರೆಸಿದ್ದೋ ಎಂದು ಪರೀಕ್ಷಿಸುತ್ತ ಬಾಗಿಲಲ್ಲೇ ನಿಂತೆ. ಹಿಂದಿದ್ದವರು ಗೊಣಗಿದರು. ಏನು ಮಾಡಲಿ, ನಮ್ಮ ಮನೆತನವೇ ಹಾಗೆ. ಸಂಶಯ ನಮಗೆ ಎದೆಹಾಲಿನ ಜೊತೆ ಬಂದದ್ದು. ಆ ಹಾಲಿಗೂ ನೀರು ಬೆರೆಸಿದ್ದಿರಬಹುದು ಎಂಬ ಗುಮಾನಿ ನನಗುಂಟು.

ಅಪ್ಪ ಬೊಬ್ರುವಾಡದ ನಮ್ಮ ಮನೆಯಿಂದ ದಿನಾ ಕಾರವಾರಕ್ಕೆ ಹೋಗಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡಿ ಬರುತ್ತಿದ್ದರು. ಬಂಗಡೆಯ ಕಿವಿರು ಎತ್ತಿ ನೋಡಿದ ಮೇಲೂ ಮೀನು ಮಾರುವವಳ ಮುಖವನ್ನೊಮ್ಮೆ ನೋಡುವರು, ಅಲ್ಲೇನಾದರೂ ಸಿಕ್ಕೀತೆಂದು. ರೇಡಿಯೋದವರು ಸಮಯ ಹೇಳಿದರೆ ತಮ್ಮ ಕೈಗಡಿಯಾರ ನೋಡಿಕೊಂಡು, "ಇವ್ರದ್ದು ಸ್ವಲ್ಪ ಮುಂದೆ ಉಂಟು" ಎನ್ನುವರು. ಇಂಥ ಮನುಷ್ಯ ತಮ್ಮ ಮಗಳನ್ನು ಕಣ್ಣಿಗೆ ಕಾಣದ ದುಬೈಯ ನೌಕರಿಯವನಿಗೆ ಕೊಡಲು ಹೇಗೆ ಒಪ್ಪಿದರು ಎಂಬುದು ಇವತ್ತಿಗೂ ನನಗೆ ಬಗೆಹರಿದಿಲ್ಲ. ನಮ್ಮ ಅಮ್ಮನ ಹಟ ಇರಬೇಕು.

ಹುಡುಗ ಮಾಜಾಳಿಯವನು, ಗಣಪತಿ. ದುಬೈಯಲ್ಲಿ ಏರ್ ಕಂಡೀಷನರ್ ದುರಸ್ತಿಯ ಕೆಲಸ. ತೊಂಬತ್ನಾಲ್ಕರ ಚೌತಿಗೆ ರಜೆಯ ಮೇಲೆ ಬಂದಿದ್ದಾಗ ವಸಂತಿ ಅಕ್ಕನ ಜೊತೆ ನಿಶ್ಚಿತಾರ್ಥವಾಯಿತು, ಮುಂದಿನ ರಜೆಗೆ ಮದುವೆ ಎಂದಾಯಿತು. ಹೊರಟು ನಿಂತಾಗ ಅಮ್ಮ, ದುಬೈಯಲ್ಲೇ ಇದ್ದ ತನ್ನ ಅಣ್ಣನ ಮಗನಿಗೆಂದು ಒಣ ಸೀಗಡಿ, ಸಾರಿನ ಹುಳಿಗೆ ಮುರುಗಲ ಸಿಪ್ಪೆ, ಹಲಸಿನ ಹಪ್ಪಳ ಎಲ್ಲ ಸೇರಿಸಿ ಬಿಳಿ ಬಟ್ಟೆಯಲ್ಲಿ ಒಂದು ಗಂಟು ಮಾಡಿ, ನೀಲಿ ದಾರದಲ್ಲಿ ಹೊಲಿದು ಅವನ ಕೈಗಿಟ್ಟಳು. ನಮ್ಮ ಕಡೆ ದುಬೈಗೆ ಹೋಗುವವನ ಚೀಲದಲ್ಲಿ ಅವನ ಬಟ್ಟೆಗಿಂತ ಬೇರೆಯವರ ಸೀಗಡಿಯೇ ಹೆಚ್ಚಿರುತ್ತಿತ್ತು.

ಅವನು ಮುಂಬೈಯ ಬಸ್ಸು ಹತ್ತಿದ್ದೇ ತಡ, ಸೂರತ್ತಿನಲ್ಲಿ ಪ್ಲೇಗ್ ಎಂಬ ಸುದ್ದಿ ಬಂತು. ಅದರ ಬೆನ್ನಿಗೇ ಗಲ್ಫಿನ ದೇಶಗಳು ಇಲ್ಲಿಂದ ಹೋಗುವ ವಿಮಾನಗಳನ್ನು ನಿಲ್ಲಿಸಿವೆ ಎಂದು ರೇಡಿಯೋ ಹೇಳಿತು. ಹುಡುಗ ದಾರಿಯಲ್ಲೇ ಸಿಕ್ಕಿಕೊಂಡನಲ್ಲ ಎಂದು ಅಮ್ಮ ದೇವರಿಗೆ ಕೈ ಮುಗಿದಳು. ಅಪ್ಪ ಮಾತ್ರ, "ವಿಮಾನ ನಿಂತದೆ ಅಂತ ರೇಡಿಯೋ ಹೇಳ್ತು. ನಮ್ ಗಣಪತಿ ನಿಂತಾನೆ ಅಂತ ಹೇಳಿಲ್ವಲ್ಲ" ಎಂದರು.

ಮರುವಾರ ಅಪ್ಪನ ಕಚೇರಿಯವರೊಬ್ಬರು ಗಣಪತಿಯನ್ನು ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಕಂಡರು. ಸರಿ, ಅಪ್ಪನಿಗೆ ಜ್ವರ ಬಂದ ಹಾಗಾಯಿತು.

"ಅಂವ ಮುಂಬೈಗೆ ಹೋಗೇ ಇಲ್ಲ. ಕೆಲ್ಸ ಕಳ್ಕಂಡೇ ಊರಿಗೆ ಬಂದಾನೆ. ಹೋದ ಹಾಗೆ ಮಾಡಿ ಇಲ್ಲೇ ಯಾರ ಮನೇಲೋ ಅಡಗ್ಕಂಡಿದ್ದ."

"ಮತ್ತೆ ಆ ಸೋಪು, ಸೆಂಟು ಎಲ್ಲ ತಂದಿದ್ನಲ್ಲ?" ಎಂದಳು ಅಮ್ಮ.

"ಪಣಜಿಲೂ ಸಿಗ್ತದೆ."

ನಾನಾಗ ಕಾಲೇಜು ಕಲಿಯುತ್ತಿದ್ದೆ. ಓದಿದವನೆಂಬ ಜಂಬದಲ್ಲಿ ಅಪ್ಪನ ಸಂಶಯಕ್ಕೆ ಇನ್ನೆರಡು ಪುರಾವೆ ನಾನೇ ಒದಗಿಸಿದೆ. ಅಕ್ಕ ಅಡುಗೆಮನೆಯಲ್ಲಿ ಕಾಯಿ ತುರಿಯುತ್ತಲೇ ಇದ್ದಳು. ಅವಳನ್ನು ಯಾರೂ ಕೇಳಲಿಲ್ಲ.

ಭಾನುವಾರ ಗಣಪತಿ ತಾನಾಗಿಯೇ ಬಂದ. ತಲುಪಿಸಲಾಗದ ಗಂಟನ್ನು ಹಿಂದಿರುಗಿಸಲು ಬಂದಿದ್ದ. ಅಪ್ಪ ಅವನ ಮುಖ ನೋಡಲಿಲ್ಲ, ಗಂಟನ್ನು ತಿರುಗಿಸಿ ತಿರುಗಿಸಿ ನೋಡಿದರು. ಅಮ್ಮನ ನೀಲಿ ದಾರ ಒಂದು ಎಳೆಯೂ ಕದಲಿರಲಿಲ್ಲ. ಬೇರೆ ಊರಿನಲ್ಲಾದರೆ ಇದಕ್ಕೆ ಹುಡುಗನನ್ನು ಹೊಗಳುತ್ತಿದ್ದರು. ನಮ್ಮಲ್ಲಿ ಹಾಗಲ್ಲ. ಮುಂಬೈಯಿಂದ ಗೋವಾದ ಮೇಲೆ ಬರುವ ಬಸ್ಸನ್ನು ಅಬಕಾರಿಯವರು ಮಾಜಾಳಿಯ ಗಡಿಯಲ್ಲಿ ನಿಲ್ಲಿಸಿ, ಹೆಂಡದ ಬಾಟ್ಲಿಗಾಗಿ ಪ್ರತಿ ಚೀಲಕ್ಕೂ ಕೈ ಹಾಕುತ್ತಿದ್ದ ಕಾಲ ಅದು. ನಮ್ಮ ಅತ್ತೆಯೊಬ್ಬಳ ತಲೆದಿಂಬನ್ನೂ ಬಿಚ್ಚಿಸಿದ್ದರು. ಹೊಲಿಗೆ ಬಿಚ್ಚದ ಗಂಟು ಎಂದರೆ ಗಡಿ ದಾಟದ ಗಂಟು, ಇದು ನಮಗೆಲ್ಲ ಬಾಯಿಪಾಠ.

"ಮುಂಬೈಗೆ ಹೋಗಿ ಬಂದ ಗಂಟಿನ ಹೊಲಿಗೆ ಹೀಗೇ ಇರ್ತದನಾ?" ಅಪ್ಪ ಕೇಳಿದರು.

ಗಣಪತಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವನ ಮುಖ ಸಣ್ಣಗಾಯಿತು.

"ಮಾಮಾ, ಬಸ್ಸು ಮುಂಬೈಯಿಂದ ಬಂದದ್ದು ಅಂದ್ಕೂಡ್ಲೇ ಗಡಿಯವ್ರು ಪ್ಲೇಗಿಗೆ ಹೆದ್ರಿ ಮೂಗಿಗೆ ಕರವಸ್ತ್ರ ಹಿಡ್ಕಂಡ್ರು. ಬಸ್ಸೇ ಹತ್ತಲಿಲ್ಲ, ದೂರ್‌ದಿಂದ್ಲೇ ಹೋಗಿ ಹೋಗಿ ಅಂದ್ರು. ಚೀಲ ಯಾರು ಮುಟ್ತಾರೆ? ಊರಲ್ಲಿ ಚಾ ದುಕಾನಿನವ ನಂಗೆ ಗ್ಲಾಸು ಕೊಡೂದಿಲ್ಲ."

ಅಪ್ಪ ಯೋಚಿಸಿದರು. ಇದು ಖರೇ ಇರಬೇಕು ಎಂದು ಅವರಿಗೆ ಹೊಳೆದ ಕ್ಷಣವನ್ನು ನಾನು ಕಣ್ಣಾರೆ ಕಂಡೆ, ಯಾಕೆಂದರೆ ಆಗಲೇ ಅವರ ಕುರ್ಚಿ ಹಿಂದಕ್ಕೆ ಸರಿಯಿತು. ಅವನು ವಿಮಾನ ನಿಲ್ದಾಣದ ಹೊರಗೆ ಚೀಲಗಳ ಮೇಲೆ ಮಲಗಿದ್ದ ಜನರ ಸುದ್ದಿ ಹೇಳಿದ, ಕುರ್ಚಿ ಮತ್ತಷ್ಟು ಸರಿಯಿತು. ಅವನ ಮಾತು ಸತ್ಯವಾದಷ್ಟೂ ಅಪ್ಪ ದೂರವಾಗುತ್ತ ಹೋಗಿ ಕಡೆಗೆ ಗೋಡೆಗೆ ತಾಗಿದರು.

"ವೀಸಾ ಮುಗಿಯೂದ್ರೊಳ್ಗೆ ವಿಮಾನ ಬಿಟ್ರೆ ಸೈ. ಇಲ್ಲಾಂದ್ರೆ ನನ್ ಜಾಗಕ್ಕೆ ಬೇರೆಯವ್ರನ್ನ ಹಾಕ್ತಾರೆ" ಎಂದ ಗಣಪತಿ. "ನಿಮ್ಗೆ ಈ ಸಂಬಂಧ ಬೇಡ ಅನ್ಸಿದ್ರೆ ಈಗ್ಲೇ ಹೇಳಿ ಮಾಮಾ. ನಾನು ಬೇಜಾರು ಮಾಡ್ಕಣೂದಿಲ್ಲ."

ಇದರಲ್ಲೂ ಏನೋ ಹುಳುಕಿದೆ ಎಂಬಂತೆ ಅಪ್ಪ ನನ್ನ ಕಡೆ ನೋಡಿದರು. "ಕೆಲ್ಸ ಉಳೀತು ಅಂತ ಖಾತ್ರಿ ಆಗ್ಲಿ. ಮದ್ವೆ ಮಾತು ಆಮೇಲೆ" ಎಂದರು.

ಅವನು ಎದ್ದ. ಅಮ್ಮ ಊಟಕ್ಕೆ ಕರೆಯುವುದೋ ಬೇಡವೋ ತಿಳಿಯದೆ ಬಾಗಿಲಲ್ಲಿ ನಿಂತಿದ್ದಳು. ಮದುವೆಗೆ ಮೊದಲು ಹುಡುಗಿ ಹುಡುಗನ ಮುಂದೆ ಸುಳಿಯುವ ರೂಢಿ ನಮ್ಮಲ್ಲಿರಲಿಲ್ಲ. ಆದರೂ ಅಕ್ಕ ಅಮ್ಮನನ್ನು ದಾಟಿಕೊಂಡು ಜಗಲಿಗೆ ಬಂದಳು, ಕೈಯಲ್ಲಿ ನೀರಿನ ತಂಬಿಗೆ.

"ಕೈ ತೊಳ್ಕಳಿ. ಊಟ ಮಾಡ್ಕಂಡಿ ಹೋಗಿ."

"ಅವಂಗೆ ಹೊರಗೇ ಬಡಸು" ಎಂದರು ಅಪ್ಪ, ಗೋಡೆಯ ಬದಿಯಿಂದ.

"ಹಂಗಾರೆ ನಾನೂ ಹೊರಗೇ ಉಣ್ತೆ."

ಜಗಲಿಯಲ್ಲಿ ಎರಡು ಎಲೆ ಹಾಕಿಕೊಂಡು ಅವನ ಮಗ್ಗುಲಲ್ಲೇ ಕೂತು ಉಂಡಳು. ನಾವು ಮೂವರು ಒಳಗೆ ಸರಿದು ಬಾಗಿಲಿಂದ ನೋಡುತ್ತ ನಿಂತೆವು. ನನಗೆ ನಾಚಿಕೆಯಾಯಿತು, ಆದರೆ ಹೊರಗೆ ಹೋಗಲು ಧೈರ್ಯವಾಗಲಿಲ್ಲ. ಅಲ್ಲಿಗೆ ಆ ಮದುವೆ ನಿಶ್ಚಯವಾಗಿಹೋಯಿತು.

ವಿಮಾನಗಳು ಮತ್ತೆ ಹಾರಿದವು. ಅಷ್ಟರಲ್ಲಿ ಗಣಪತಿಯ ಜಾಗಕ್ಕೆ ಬೇರೆಯವನು ಬಂದಿದ್ದ. ಗಣಪತಿ ಕಾರವಾರದಲ್ಲಿ ಫ್ರಿಜ್ ರಿಪೇರಿಯ ಅಂಗಡಿ ಹಾಕಿದ, ಅಕ್ಕ ಮಾಜಾಳಿಯ ಸೊಸೆಯಾದಳು. ನಮ್ಮ ಮನೆಯಲ್ಲಿ ಹುಟ್ಟಿಯೂ ಮನುಷ್ಯರನ್ನು ನಂಬಲು ಬಲ್ಲವಳು ಅವಳೊಬ್ಬಳೇ ಎಂದು ನಾನು ಹೋದಲ್ಲೆಲ್ಲ ಹೇಳಿಕೊಂಡು ಬಂದೆ.

ಮೊನ್ನೆಯ ಆ ಬಸ್ಸಿನಲ್ಲಿ ನಾನು ಹೋದದ್ದೂ ಅವಳ ಮನೆಗೇ. ಟಿವಿಯಲ್ಲಿ ಈ ಸಲ ಕೊರೋನಾದಿಂದ ಮತ್ತೆ ನಿಂತ ವಿಮಾನಗಳು, ನಿಲ್ದಾಣದಲ್ಲಿ ಮಲಗಿದ ಜನ. ಭಾವ ನೋಡಲಾರದೆ ಎದ್ದು ಹಿತ್ತಲಿಗೆ ಹೋದ. ನಾನು ಅಕ್ಕನನ್ನು ಕೇಳಿದೆ, "ಆವತ್ತು ನಿಂಗೊಬ್ಬಳಿಗೆ ಸಂಶಯ ಬರ್ಲಿಲ್ಲ ಅಲ್ಲ?"

"ಬರದೆ ಏನು? ನಾನೂ ಅಪ್ಪನ ಮಗಳೇ ಅಲ್ವನಾ?" ಅಕ್ಕ ನಕ್ಕಳು. "ಕೆಲ್ಸದ್ದೂ ಬಂತು, ಪ್ಲೇಗಿಂದೂ ಬಂತು. ಅಂವ ಒಂದ್ ಸಲ ಕೆಮ್ಮಿದ್ರೆ ಎದ್ದು ಓಡೂದೇ ಅಂತ ಕಾಲು ಮೆಟ್ಟಿಲ ಮೇಲೇ ಇಟ್ಕಂಡಿದ್ದೆ."

"ಮತ್ತೆ ಯಾಕೆ ಕೂತೆ?"

"ಹಸಿದ್ಕಂಡಿ ಬಂದಿದ್ದ, ತಮಾ. ಸಂಶಯ ಉಂಡಾದ್ಮೇಲೂ ಮಾಡೂಕಾಗ್ತದೆ."

ಇಷ್ಟು ವರ್ಷ ನಾನು ಹೊಗಳಿದ್ದು ಯಾರನ್ನೋ. ಇವಳು ಹೆದರಿಕೊಂಡೇ, ನಂಬದೆಯೇ, ಎಲೆಯ ಮುಂದೆ ಕೂತವಳು. ಅಕ್ಕ ಬಡಿಸಲು ಎದ್ದಳು. ಭಾವನನ್ನು ಕರೆಯಲು ನಾನೇ ಹಿತ್ತಲಿಗೆ ಹೋದೆ.